ಒಂದೇ ಲೋಟದ ಪುಟ್ಟ ಬ್ಲೆಂಡರ್: ಆಯ್ಕೆ ಮತ್ತು ಎಚ್ಚರಿಕೆ

ಮುಂಬಯಿಯಂಥ ನಗರಗಳ ಇಕ್ಕಟ್ಟಾದ ಅಡುಗೆಮನೆಗೆ, 300ರಿಂದ 500 ಮಿಲಿಲೀಟರ್ ಹಿಡಿಯುವ ಪುಟ್ಟ ಬ್ಲೆಂಡರ್ ಅನುಕೂಲವಾದ ಸಾಧನ. ಅಗಿಯಲಾರದ ವೃದ್ಧರಿಗೂ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಅದು ಮೆದುವಾದ ಆಹಾರವನ್ನು ಒದಗಿಸುತ್ತದೆ. ಆದರೆ ಆಯ್ಕೆಯಲ್ಲಿ ಅಂದಕ್ಕಿಂತ ಸುರಕ್ಷತೆಯೇ ಮುಖ್ಯ.

ಮೊದಲನೆಯದಾಗಿ, ಲೋಟ ಸರಿಯಾಗಿ ಕುಳಿತಾಗ ಮಾತ್ರ ಅಲಗು ತಿರುಗುವಂತಿರಬೇಕು. ಎರಡನೆಯದಾಗಿ, ರಬ್ಬರಿನ ಬಳೆಯನ್ನು ಬಿಚ್ಚಿ ತೊಳೆಯಲು ಸಾಧ್ಯವಿರಬೇಕು; ಅಲ್ಲಿ ಉಳಿದ ಹಾಲು, ಹಣ್ಣಿನ ಅಂಶ ರೋಗಾಣುಗಳಿಗೆ ನೆಲೆಯಾಗುತ್ತದೆ. ಮೂರನೆಯದಾಗಿ, ವಿದ್ಯುತ್ ಮಾದರಿಗೆ ಐ.ಎಸ್.ಐ. ಗುರುತು ಇರಬೇಕು. ಬ್ಯಾಟರಿಯ ಮಾದರಿ ಮೆತ್ತನೆಯ ಹಣ್ಣಿಗೆ ಸಾಕು, ದೋಸೆಹಿಟ್ಟಿಗೆ ಸಲ್ಲದು. ಮೋಟಾರನ್ನು ತಯಾರಕರು ಸೂಚಿಸಿದ ಅವಧಿಗಿಂತ, ಸಾಮಾನ್ಯವಾಗಿ 1 ನಿಮಿಷಕ್ಕಿಂತ, ಹೆಚ್ಚು ಕಾಲ ಸತತವಾಗಿ ಓಡಿಸಬಾರದು.

ರೋಗಿಗಾಗಿ ಇದನ್ನು ಕೊಳ್ಳುವವರು ಒಂದು ಅಪಾಯವನ್ನು ಮರೆಯಲಾಗದು. ಬಿಸಿ ಗಂಜಿ, ಸಾರುಗಳನ್ನು ಬಿಗಿಯಾಗಿ ಮುಚ್ಚಿದ ಲೋಟದಲ್ಲಿ ಅರೆದರೆ, ಹಬೆಗೆ ಹೊರದಾರಿಯಿಲ್ಲದೆ ಒತ್ತಡ ಏರುತ್ತದೆ. ಲೋಟ ಸಿಡಿದು ಕೈ, ಮುಖಗಳು ಸುಡಬಹುದು. ಆದುದರಿಂದ ಪೂರ್ಣವಾಗಿ ಆರಿದ ಮೇಲೆ ಅರೆದು, ಅನಂತರ ಪಾತ್ರೆಯಲ್ಲಿ ಬಿಸಿ ಮಾಡುವುದೇ ಕ್ಷೇಮ.

ಅರೆದ ಹಣ್ಣನ್ನು ಸೋಸದಿದ್ದರೆ ನಾರು ಉಳಿಯುತ್ತದೆ. ಆದರೂ ಅಗಿಯಬಲ್ಲವರಿಗೆ, ವಿಶೇಷವಾಗಿ ಮಧುಮೇಹಿಗಳಿಗೆ, ಇಡೀ ಹಣ್ಣೇ ಮೇಲು.