ತಿದ್ದಿ ಹೇಳುವ ಪಾಠ: ಪಿರಮಿಡ್ಡು ಮತ್ತು ಮೋರ್ಯರ ಮನೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ತಪ್ಪಾಗಿ ಕಲಿಸಿದ ಒಂದು ಪಾಠವೇ ಮೊದಲು ನೆನಪಿಗೆ ಬಂದಿತು. ಅದು ಪ್ರಾಚೀನ ಈಜಿಪ್ತಿನ ಪಾಠ. ಹಳೆಯ ವಿದ್ಯಾರ್ಥಿಗಳು ಮನ್ನಿಸಿ ಇನ್ನೊಮ್ಮೆ ಕೇಳಬೇಕು.

ಗೀಜಾದ ಮಹಾ ಪಿರಮಿಡ್ಡು ಖುಫು ಎಂಬ ಅರಸನ ಸಮಾಧಿ. ಅದು ಸುಮಾರು 4,500 ವರ್ಷಗಳಷ್ಟು ಹಳೆಯದು. ಕಟ್ಟಿದಾಗ ಅದರ ಎತ್ತರ ಸುಮಾರು 146 ಮೀಟರು. ಬಳಸಿದ ಕಲ್ಲುಗಳು 23 ಲಕ್ಷದಷ್ಟೆಂದು ಅಂದಾಜು. ಮರಣಾನಂತರವೂ ಬಾಳುಂಟು, ಅದಕ್ಕಾಗಿ ದೇಹ ಕೆಡದೆ ಉಳಿಯಬೇಕು ಎಂಬುದು ಈಜಿಪ್ತಿನವರ ನಂಬಿಕೆ. ಆದುದರಿಂದ ಮೆದುಳು, ಕರುಳು ಮುಂತಾದುವನ್ನು ಹೊರತೆಗೆದು, ಶವವನ್ನು ನೇಟ್ರಾನ್ ಎಂಬ ಲವಣದಲ್ಲಿ ಒಣಗಿಸಿ, ಅಗಸೆ ನಾರಿನ ಬಟ್ಟೆಯನ್ನು ಸುತ್ತುತ್ತಿದ್ದರು. ಈ ಸಂಸ್ಕಾರಕ್ಕೆ ಸುಮಾರು 70 ದಿನಗಳು ಬೇಕಾಗುತ್ತಿದ್ದವು. ಹೃದಯವನ್ನು ಮಾತ್ರ ದೇಹದಲ್ಲಿಯೇ ಬಿಡುತ್ತಿದ್ದರು. ಪರಲೋಕದಲ್ಲಿ ಅದನ್ನು ಸತ್ಯದ ಗರಿಯೊಡನೆ ತಕ್ಕಡಿಯಲ್ಲಿ ತೂಗುವರೆಂದು ಅವರು ತಿಳಿದಿದ್ದರು.

ಇಷ್ಟನ್ನು ಸರಿಯಾಗಿಯೇ ಕಲಿಸಿದ್ದೆ. 1980ರ ದಶಕದ ಕೊನೆಯ ಮಾತು. ಕುಂಕಳ್ಳಿಯ ಸುತ್ತಮುತ್ತ ಕಲ್ಲು ಹೊತ್ತು, ಗಾರೆ ಕಲಸಿ ಬದುಕುತ್ತಿದ್ದ ಕನ್ನಡಿಗರ ಮಕ್ಕಳು ತರಗತಿಯಲ್ಲಿದ್ದರು. ಪಿರಮಿಡ್ಡುಗಳನ್ನು ಗುಲಾಮರು ಚಾವಟಿಯ ಏಟು ತಿಂದು ಕಟ್ಟಿದರೆಂದು ನಾನು ಹೇಳಿದೆ. ಗಂಗಾವತಿ ಕಡೆಯ ಗೌಂಡಿಯೊಬ್ಬರ ಮಗ ಎದ್ದು ನಿಂತು, “ಸರ್, ಕಟ್ಟಿದವರನ್ನ ಎಲ್ಲಿ ಹೂಳಿದ್ರು?” ಎಂದು ಕೇಳಿದ. “ಗುಲಾಮರಿಗೆಲ್ಲಿಯ ಸಮಾಧಿಯಪ್ಪಾ, ಕುಳಿತುಕೋ” ಎಂದೆ. ತರಗತಿ ನಕ್ಕಿತು. ಅವನು ಮತ್ತೆ, “ನಮ್ಮೂರ ಗುಡ್ಡದ ಮ್ಯಾಲೆ ಮೋರ್ಯರ ಮನಿ ಅದಾವ್ರೀ ಸರ್, ಅವೂ ಹಂಗ ಇರಬೇಕು” ಎಂದ. ಅಜ್ಜಿಕಥೆಯನ್ನು ಇತಿಹಾಸದಲ್ಲಿ ಬೆರೆಸಬಾರದೆಂದು ಗದರಿಸಿದೆ. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಅವನ ಎರಡು ಮಾತುಗಳಿಗೂ ಉತ್ತರವಿತ್ತು. 1990ರಲ್ಲಿ ಗೀಜಾದ ಪಿರಮಿಡ್ಡುಗಳ ಸಮೀಪದಲ್ಲಿಯೇ ಕೆಲಸಗಾರರ ಸಮಾಧಿಗಳು ದೊರೆತವು. ಪಕ್ಕದಲ್ಲಿ ರೊಟ್ಟಿ ಮತ್ತು ಪಾನೀಯಗಳಿಗಾಗಿ ಇಟ್ಟ ಮಡಕೆಗಳಿದ್ದವು. ಹೊರೆ ಹೊತ್ತು ಸವೆದ ಬೆನ್ನೆಲುಬುಗಳು, ಮುರಿದು ಮತ್ತೆ ಕೂಡಿದ ಮೂಳೆಗಳು ಅಲ್ಲಿ ಕಂಡುಬಂದವು. ಅರಸನ ನೆರಳಿನಲ್ಲಿ ಗೌರವದಿಂದ ಮಣ್ಣಾದವರು ಗುಲಾಮರಾಗಿರಲಾರರೆಂದು ವಿದ್ವಾಂಸರು ನಿರ್ಣಯಿಸಿದರು. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ದೊರೆತ ಪಪೈರಸ್ ಸುರುಳಿಗಳಲ್ಲಿ, ದೋಣಿಗಳಲ್ಲಿ ಸುಣ್ಣಗಲ್ಲು ಸಾಗಿಸಿದ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯೇ ಇದೆ.

ಮೋರ್ಯರ ಮನೆಗಳೂ ಅಜ್ಜಿಕಥೆಯಲ್ಲ. ಇಂದು ಕೊಪ್ಪಳ ಜಿಲ್ಲೆಗೆ ಸೇರಿರುವ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ರಚನೆಗಳಿವೆ. ಗುಡ್ಡದ ಬಂಡೆಯಿಂದಲೇ ಚಪ್ಪಡಿ ಎಬ್ಬಿಸಿ ನಿಲ್ಲಿಸಿ, ಮೇಲೊಂದನ್ನು ಹೊದಿಸಿದ ಕೋಣೆಗಳಿವು. ಹಲವಕ್ಕೆ ದುಂಡನೆಯ ಕಿಂಡಿಗಳುಂಟು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಇವು ಮೃತರ ಸಂಸ್ಕಾರಕ್ಕೆ, ಸ್ಮರಣೆಗೆ ಸಂಬಂಧಿಸಿದವು ಎಂಬುದು ವಿದ್ವಾಂಸರ ಅಭಿಪ್ರಾಯ. 2021ರಲ್ಲಿ ಈ ನೆಲೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಇಂತಹ ಸಮಾಧಿಗಳಲ್ಲಿ ಮೂಳೆ, ಮಡಕೆ, ಕಬ್ಬಿಣದ ಉಪಕರಣಗಳು ಸಿಕ್ಕಿದ್ದವು. ಸತ್ತವರೊಡನೆ ಮಡಕೆಯಿಡುವ ಮನಸ್ಸು ನೈಲ್ ನದಿಯ ದಡದಲ್ಲಿಯೂ ನಮ್ಮ ನಾಡಿನಲ್ಲಿಯೂ ಒಂದೇ.

1583ರಲ್ಲಿ ಪೋರ್ಚುಗೀಸರನ್ನು ಎದುರಿಸಿ ಮಡಿದ ನಾಯಕರ ಸ್ಮಾರಕ ನಮ್ಮ ಕುಂಕಳ್ಳಿಯಲ್ಲಿಯೇ ಇದೆ. ಇಂದಿನ ಶಿಕ್ಷಕರು ಈಜಿಪ್ತಿನ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ಮಗುವೊಂದು ತನ್ನ ಊರಿನ ಕಲ್ಲಿನ ಸುದ್ದಿ ಎತ್ತಿದರೆ ಪುಸ್ತಕವನ್ನು ಕ್ಷಣಕಾಲ ಮಡಚಿಡಲಿ. ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿ ಈ ಸಂಚಿಕೆಯನ್ನು ಓದುತ್ತಿದ್ದರೆ, ನಿನ್ನ ಮಾತೇ ಸರಿಯಾಗಿತ್ತು ಮಗು, ಅಂದು ಕುಳಿತುಕೊಳ್ಳಬೇಕಾಗಿದ್ದವನು ನಾನು.