ಭಾರ ಹೊರಬೇಕಾದ್ದು ಹೆಗಲಲ್ಲ: ತುಂಬು ಮೈಯವರು ಬ್ರಾ ಆರಿಸುವುದು ಹೇಗೆ?

ಹೆಗಲ ಮೇಲೆ ಕೆಂಪಗೆ ಅಚ್ಚೊತ್ತಿದ ಗೆರೆ, ಸಂಜೆಯಾಗುತ್ತಲೇ ಸೆಳೆಯುವ ಕುತ್ತಿಗೆ, ಎದೆಯ ಕೆಳಗೆ ಬೆವರಿನ ಉರಿ. ತುಂಬು ಎದೆಯ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿಗೆ ಇದು ದಿನನಿತ್ಯದ ಪಾಡು. ‘ನನ್ನ ಮೈಕಟ್ಟೇ ಹಾಗೆ, ಏನು ಮಾಡೋದು’ ಎಂದು ಸಹಿಸಿಕೊಂಡೇ ವರ್ಷಗಳನ್ನು ಕಳೆಯುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪು ಮೈಯದಲ್ಲ, ಅಳತೆಯದು. ಸೀರೆಯ ಫಾಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುವ ನಾವು, ದಿನಕ್ಕೆ ಹತ್ತು ಹನ್ನೆರಡು ಗಂಟೆ ಮೈಗೆ ಅಂಟಿಕೊಂಡಿರುವ ಉಡುಪನ್ನು ಮಾತ್ರ ಎರಡೇ ನಿಮಿಷದಲ್ಲಿ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಸಂಕೋಚ ಬದಿಗಿಟ್ಟು ಸ್ವಲ್ಪ ಹೊತ್ತು ಕೊಟ್ಟರೆ ಈ ತೊಂದರೆಗಳಲ್ಲಿ ಹೆಚ್ಚಿನವು ತಗ್ಗುತ್ತವೆ.

ಮೊದಲು ಒಂದು ಮಾತು ತಿಳಿದಿರಲಿ. ಸ್ತನದೊಳಗೆ ಸ್ನಾಯುವಿಲ್ಲ. ಕೊಬ್ಬು ಮತ್ತು ಹಾಲಿನ ಗ್ರಂಥಿಗಳಿಂದಾದ ಅದನ್ನು ಹಿಡಿದಿಡುವುದು ಚರ್ಮ ಮತ್ತು ‘ಕೂಪರ್ ತಂತು’ಗಳೆಂಬ ತೆಳುವಾದ ಎಳೆಗಳು. ಉಳಿದ ಆಸರೆಯನ್ನು ಬ್ರಾ ಕೊಡಬೇಕು. ಆ ಭಾರದ ಬಹುಪಾಲನ್ನು ಹೊರಬೇಕಾದ್ದು ಎದೆಯ ಕೆಳಗೆ ಸುತ್ತುವರಿಯುವ ಪಟ್ಟಿಯೇ ಹೊರತು ಹೆಗಲ ಸ್ಟ್ರ್ಯಾಪ್ ಅಲ್ಲ. ಮುಂದಿನ ಎಲ್ಲ ಹಂತಗಳೂ ಇದನ್ನೇ ಆಧರಿಸಿವೆ.

ಹಂತ 1: ಅಳತೆ ತೆಗೆದುಕೊಳ್ಳಿ

ಟೈಲರ್ ಬಳಸುವ ಸಾಮಾನ್ಯ ಟೇಪು ಸಾಕು. ಸೆಂಟಿಮೀಟರ್ ಇರುವ ಬದಿಯನ್ನು ಬಳಸಿ, ಕನ್ನಡಿಯ ಮುಂದೆ ನೆಟ್ಟಗೆ ನಿಂತುಕೊಳ್ಳಿ.

ಮೊದಲನೆಯದು ಎದೆಯ ಕೆಳಗಿನ ಸುತ್ತಳತೆ. ಸ್ತನದ ಬುಡಕ್ಕೆ ತಾಗಿದಂತೆ ಟೇಪನ್ನು ಸುತ್ತಿ. ಬೆನ್ನಿನಲ್ಲಿ ಅದು ಮೇಲೆ ಕೆಳಗೆ ಜಾರದೆ ನೆಲಕ್ಕೆ ಸಮಾನಾಂತರವಾಗಿರಲಿ. ಉಸಿರು ಬಿಟ್ಟು, ಟೇಪು ಮೈಗೆ ಬಿಗಿಯಾಗಿ ಕೂತಾಗ ಅಂಕಿ ಓದಿ.

ಎರಡನೆಯದು ಎದೆಯ ತುಂಬು ಭಾಗದ ಸುತ್ತಳತೆ. ಪ್ಯಾಡ್ ಇಲ್ಲದ, ಇದ್ದುದರಲ್ಲಿ ಚೆನ್ನಾಗಿ ಕೂರುವ ಬ್ರಾ ಹಾಕಿಕೊಂಡು ಈ ಅಳತೆ ತೆಗೆಯಿರಿ. ಇಲ್ಲಿ ಟೇಪನ್ನು ಬಿಗಿಯಬಾರದು, ಸುಮ್ಮನೆ ತಾಗಿರಬೇಕು.

ಹಂತ 2: ಲೆಕ್ಕ ಹಾಕಿ

ಮೊದಲ ಅಳತೆಯಿಂದ ಪಟ್ಟಿಯ ನಂಬರು ಸಿಗುತ್ತದೆ. 78ರಿಂದ 82 ಸೆಂ.ಮೀ. ಇದ್ದರೆ 36, 83ರಿಂದ 87 ಇದ್ದರೆ 38, 88ರಿಂದ 92 ಇದ್ದರೆ 40, 93ರಿಂದ 97 ಇದ್ದರೆ 42. ಕೆಲವು ಲೇಬಲ್‌ಗಳಲ್ಲಿ 38ರ ಪಕ್ಕದಲ್ಲಿ 85 ಎಂದೂ ಬರೆದಿರುತ್ತದೆ. ಅದು ಯುರೋಪಿನ ಅಳತೆ, ಎದೆಯ ಕೆಳಗಿನ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ನೇರವಾಗಿ ಹೇಳುತ್ತದೆ. ಈ ಲೆಕ್ಕದಲ್ಲಿ 38 ಎಂದರೆ 38 ಇಂಚು ಎಂದಲ್ಲ ಎಂಬುದನ್ನು ಗಮನಿಸಿ. 33 ಇಂಚಿನ ಆಸುಪಾಸಿನವರಿಗೆ ಕೂರುವ ಪಟ್ಟಿ ಅದು.

ಎರಡೂ ಅಳತೆಗಳ ನಡುವಿನ ವ್ಯತ್ಯಾಸವೇ ಕಪ್ ಗಾತ್ರ. ವ್ಯತ್ಯಾಸ 14ರಿಂದ 16 ಸೆಂ.ಮೀ. ಇದ್ದರೆ ಬಿ, 16ರಿಂದ 18 ಇದ್ದರೆ ಸಿ, 18ರಿಂದ 20 ಇದ್ದರೆ ಡಿ, 20ರಿಂದ 22 ಇದ್ದರೆ ಇ. ಈ ‘ಇ’ ಕಪ್ಪನ್ನೇ ಕೆಲವರು ‘ಡಿಡಿ’ ಎನ್ನುತ್ತಾರೆ.

ಒಂದು ಉದಾಹರಣೆ: ಎದೆಯ ಕೆಳಗೆ 84 ಸೆಂ.ಮೀ., ತುಂಬು ಭಾಗದಲ್ಲಿ 103 ಸೆಂ.ಮೀ. ಎಂದುಕೊಳ್ಳಿ. ಪಟ್ಟಿ 38, ವ್ಯತ್ಯಾಸ 19, ಹಾಗಾಗಿ ಸೈಜು 38 ಡಿ. ಎಲ್ಲ ಬ್ರ್ಯಾಂಡ್‌ಗಳ ಲೆಕ್ಕವೂ ಒಂದೇ ಅಲ್ಲ, ಬ್ರಿಟನ್ನಿನ ಕೆಲವು ಬ್ರ್ಯಾಂಡ್‌ಗಳದ್ದಂತೂ ಪೂರ್ತಿ ಬೇರೆ. ಆದ್ದರಿಂದ ಕೊಳ್ಳುವ ಮುನ್ನ ಆಯಾ ಕಂಪನಿಯ ಸೈಜ್ ಚಾರ್ಟ್ ಜೊತೆ ಈ ಎರಡು ಅಂಕಿಗಳನ್ನು ಹೋಲಿಸಿ ನೋಡಿ.

ಹಂತ 3: ಅಂಗಡಿಯಲ್ಲಿ ಎಚ್ಚರ

ಎಡವಟ್ಟಾಗುವುದು ಇಲ್ಲೇ. ಬಹಳಷ್ಟು ಅಂಗಡಿಗಳಲ್ಲಿ ಬಿ ಮತ್ತು ಸಿ ಕಪ್‌ಗಳೇ ಹೆಚ್ಚು. 38 ಡಿ ಕೇಳಿದರೆ, ‘ಅದಿಲ್ಲ ಮೇಡಂ, 42 ಬಿ ತಗೊಳ್ಳಿ, ಸರಿಹೋಗುತ್ತೆ’ ಎಂಬ ಉತ್ತರ ಬರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. 38 ಡಿ, 40 ಸಿ, 42 ಬಿ ಮೂರರಲ್ಲೂ ಕಪ್ಪಿನೊಳಗಿನ ಜಾಗ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹಾಕಿ ನೋಡಿದಾಗ ಎದೆ ತುಂಬಿಕೊಳ್ಳುತ್ತದೆ, ಸರಿಯಾಯಿತು ಅನ್ನಿಸುತ್ತದೆ. ಆದರೆ ಪಟ್ಟಿ ಎರಡು ಸೈಜು ಸಡಿಲ. ಭಾರವನ್ನು ಹಿಡಿಯಲಾರದೆ ಅದು ಬೆನ್ನಿನಲ್ಲಿ ಮೇಲಕ್ಕೆ ಏರುತ್ತದೆ, ಮುಂದೆ ಎದೆ ಕೆಳಗಿಳಿಯುತ್ತದೆ. ಎತ್ತಿ ಹಿಡಿಯಲೆಂದು ನೀವು ಸ್ಟ್ರ್ಯಾಪ್ ಬಿಗಿ ಮಾಡುತ್ತೀರಿ. ಅದು ಹೆಗಲಿಗೆ ಕೊರೆಯುತ್ತದೆ, ಹಿಂದಿನ ಪಟ್ಟಿಯನ್ನು ಇನ್ನೂ ಮೇಲಕ್ಕೆಳೆಯುತ್ತದೆ. ಹೆಗಲ ಮೇಲಿನ ಗೆರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ.

ನಿಮ್ಮ ಸೈಜು ಸಿಗದಿದ್ದರೆ ಒಂದೇ ಒಂದು ಹೆಜ್ಜೆ ಆಚೀಚೆ ಹೋಗಿ. 38 ಡಿ ಬದಲು 40 ಸಿ ಅಥವಾ 36 ಇ ನೋಡಬಹುದು. ಅದಕ್ಕಿಂತ ದೂರ ಹೋಗಬೇಡಿ. ದೊಡ್ಡ ಕಪ್ ಇಡುವ ಬೇರೆ ಅಂಗಡಿಯನ್ನು ಹುಡುಕಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ಒಳಉಡುಪನ್ನು ಬಹಳ ಕಡೆ ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಆ ನಿಯಮವನ್ನು ಮೊದಲೇ ಕೇಳಿಕೊಳ್ಳಿ. ಹೊಸ ಬ್ರ್ಯಾಂಡ್ ಆದರೆ ಮೊದಲು ಒಂದನ್ನೇ ಕೊಂಡು ನೋಡಿ.

ಹಂತ 4: ಹಾಕಿಕೊಂಡು ಪರೀಕ್ಷಿಸಿ

ಹೊಸ ಬ್ರಾವನ್ನು ಯಾವಾಗಲೂ ತುದಿಯ, ಅಂದರೆ ಅತ್ಯಂತ ಸಡಿಲ ಹುಕ್ಕಿಗೆ ಹಾಕಿ ನೋಡಿ. ಒಗೆದಂತೆಲ್ಲ ಎಲಾಸ್ಟಿಕ್ ಸಡಿಲವಾಗುತ್ತದೆ, ಆಗ ಒಳಗಿನ ಹುಕ್ಕುಗಳು ಉಪಯೋಗಕ್ಕೆ ಬರುತ್ತವೆ. ಮೊದಲ ದಿನವೇ ಅತ್ಯಂತ ಒಳಗಿನ ಹುಕ್ಕಿಗೆ ಹಾಕಿದರಷ್ಟೇ ನಿಲ್ಲುವ ಬ್ರಾ ದೊಡ್ಡದಾಯಿತು ಎಂದೇ ಅರ್ಥ.

ಸ್ವಲ್ಪ ಮುಂದೆ ಬಾಗಿ, ಕಂಕುಳ ಬದಿಯ ಭಾಗವನ್ನೂ ಕೈಯಿಂದ ಕಪ್ಪಿನೊಳಗೆ ಸೇರಿಸಿಕೊಳ್ಳಿ. ಆಮೇಲೆ ನೆಟ್ಟಗೆ ನಿಂತು ಇವನ್ನು ನೋಡಿ:

- ಬೆನ್ನಿನ ಪಟ್ಟಿ ಮುಂದಿನಷ್ಟೇ ಎತ್ತರದಲ್ಲಿ ಅಡ್ಡಕ್ಕೆ ನೇರವಾಗಿದೆಯೇ? ಅದರಡಿ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು.
- ಕಪ್ಪಿನ ಮೇಲೆ ಅಥವಾ ಕಂಕುಳಲ್ಲಿ ಎದೆ ಉಬ್ಬಿ ಹೊರಬಂದರೆ ಕಪ್ ಚಿಕ್ಕದು. ಬಟ್ಟೆ ಸುಕ್ಕುಗಟ್ಟಿ ನಿಂತರೆ ದೊಡ್ಡದು.
- ಅಂಡರ್‌ವೈರ್ ಇದ್ದರೆ ಎರಡು ಸ್ತನಗಳ ನಡುವಿನ ಭಾಗ ಎದೆಮೂಳೆಗೆ ತಾಗಿ ಕೂರಬೇಕು. ತಂತಿ ಎದೆಯ ಮೇಲೆ ಕೂತು ಒತ್ತಬಾರದು.
- ಎರಡೂ ಸ್ಟ್ರ್ಯಾಪ್‌ಗಳನ್ನು ಹೆಗಲಿನಿಂದ ಜಾರಿಸಿ. ಪಟ್ಟಿ ಸರಿಯಿದ್ದರೆ ಬ್ರಾ ತಕ್ಷಣ ಕೆಳಗೆ ಕುಸಿಯುವುದಿಲ್ಲ.
- ಕೈ ಎತ್ತಿ, ಬಾಗಿ, ಕುಳಿತು ಎದ್ದು ನೋಡಿ. ಪ್ರತಿ ಸಲ ಎಳೆದು ಸರಿಪಡಿಸಬೇಕಾದರೆ ಅದು ನಿಮ್ಮದಲ್ಲ.

ಹೆಚ್ಚಿನವರಲ್ಲಿ ಒಂದು ಸ್ತನ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ, ಅದು ಸಹಜ. ದೊಡ್ಡದಕ್ಕೆ ಹೊಂದುವ ಕಪ್ ಆರಿಸಿ, ಇನ್ನೊಂದು ಬದಿಯ ಸ್ಟ್ರ್ಯಾಪನ್ನು ಕೊಂಚ ಬಿಗಿ ಮಾಡಿಕೊಳ್ಳಿ.

ಹಂತ 5: ಬಟ್ಟೆ ಮತ್ತು ವಿನ್ಯಾಸ

ತುಂಬು ಎದೆಗೆ ಒಂದೇ ಅಚ್ಚಿನ ಮೆತ್ತನೆಯ ಕಪ್ಪಿಗಿಂತ ಎರಡು ಮೂರು ತುಂಡು ಜೋಡಿಸಿ ಹೊಲಿದ ಕಪ್ ಹೆಚ್ಚು ಆಸರೆ ಕೊಡುತ್ತದೆ. ಪೂರ್ತಿ ಮುಚ್ಚುವ ಕಪ್, ಅಗಲವಾದ ಸ್ಟ್ರ್ಯಾಪ್, ಕಂಕುಳ ಬದಿಗೆ ಒಳಪಟ್ಟಿ, ಹಿಂದೆ ಮೂರು ಅಥವಾ ನಾಲ್ಕು ಹುಕ್ಕುಗಳ ಅಗಲ ಪಟ್ಟಿ ಇರುವುದನ್ನು ಆರಿಸಿ. ಅಂಡರ್‌ವೈರ್ ಕಡ್ಡಾಯವೇನಲ್ಲ, ಒಳ್ಳೆಯ ಹೊಲಿಗೆಯಿದ್ದರೆ ಅದಿಲ್ಲದೆಯೂ ನಡೆಯುತ್ತದೆ.

ಮಂಗಳೂರು, ಕಾರವಾರದ ಸೆಖೆಗೂ ಕಲಬುರಗಿ, ರಾಯಚೂರಿನ ಬಿಸಿಲಿಗೂ ದಪ್ಪ ಪ್ಯಾಡ್ ಹಿಂಸೆಯೇ. ಮೈಗೆ ತಾಗುವ ಬದಿ ಹತ್ತಿಯದಿರಲಿ, ಪಟ್ಟಿಯಲ್ಲಿ ಮಾತ್ರ ಹಿಗ್ಗುವ ನೂಲು ಸೇರಿರಲಿ. ವಾಕಿಂಗ್, ವ್ಯಾಯಾಮಕ್ಕೆ ಎದೆಯನ್ನು ಒಟ್ಟಾಗಿ ಒತ್ತಿ ಹಿಡಿಯುವ ಸ್ಪೋರ್ಟ್ಸ್ ಬ್ರಾಗಿಂತ, ಎರಡು ಕಪ್ ಪ್ರತ್ಯೇಕವಾಗಿರುವುದು ತುಂಬು ಎದೆಗೆ ಮೇಲು. ಹಾಲುಣಿಸುವ ತಾಯಂದಿರಿಗೆ ಎಲ್ಲೂ ಒತ್ತದ ನರ್ಸಿಂಗ್ ಬ್ರಾ ಬೇಕು. ಬಿಗಿ ಬ್ರಾ ಹಾಲಿನ ನಾಳ ಕಟ್ಟಿಕೊಳ್ಳಲು ಕಾರಣವಾಗಬಹುದು.

ಇನ್ನೊಂದು ಮುಖ್ಯ ಸಂಗತಿ: ಬ್ಲೌಸ್ ಅಳತೆ ಕೊಡಲು ಹೋಗುವಾಗ ಹೊಸ ಬ್ರಾವನ್ನೇ ಹಾಕಿಕೊಂಡು ಹೋಗಿ. ಸರಿಯಾದ ಬ್ರಾ ಎದೆಯನ್ನು ಮೇಲೆತ್ತುವುದರಿಂದ ಡಾಟ್‌ಗಳ ಜಾಗ ಬದಲಾಗುತ್ತದೆ. ಹಳೆಯ ಬ್ಲೌಸನ್ನೇ ಅಳತೆಗೆ ಕೊಟ್ಟರೆ ಹೊಸದೂ ಅದರಂತೆಯೇ ಕೆಳಗಿಳಿದು ಕೂರುತ್ತದೆ.

ಹಂತ 6: ಒಗೆಯುವುದು, ಒಣಗಿಸುವುದು

ತಣ್ಣೀರು, ಸೌಮ್ಯ ಸೋಪು, ಕೈಯಲ್ಲೇ ಒಗೆತ. ಹಿಂಡಿ ತಿರುಚಬೇಡಿ, ಬಿಸಿ ನೀರು ಬೇಡ, ಎರಡೂ ಎಲಾಸ್ಟಿಕ್ಕಿಗೆ ಶತ್ರು. ಸ್ಟ್ರ್ಯಾಪ್ ಹಿಡಿದು ನೇತುಹಾಕಿದರೆ ಒದ್ದೆ ಭಾರಕ್ಕೆ ಅದು ಹಿಗ್ಗುತ್ತದೆ, ನಡುವಿನಿಂದ ಮಡಚಿ ಹಗ್ಗದ ಮೇಲೆ ಹಾಕಿ. ಯಾರ ಕಣ್ಣಿಗೂ ಬೀಳದಿರಲೆಂದು ಟವೆಲ್ಲಿನ ಅಡಿ, ಸೀರೆಯ ಮರೆಯಲ್ಲಿ ಒಣಹಾಕುವ ರೂಢಿ ನಮ್ಮ ಮನೆಗಳಲ್ಲಿದೆ. ಗಾಳಿಯಾಡದೆ ಅದು ಪೂರ್ತಿ ಒಣಗುವುದಿಲ್ಲ. ಹಸಿ ಆರದ ಬ್ರಾ ಹಾಕಿಕೊಂಡರೆ ಎದೆಯ ಕೆಳಗಿನ ಮಡಿಕೆಯಲ್ಲಿ ಶಿಲೀಂಧ್ರದ ಸೋಂಕಿಗೆ ದಾರಿ ಮಾಡಿಕೊಟ್ಟಂತೆ. ಗಾಳಿಯಾಡುವ ನೆರಳಿನಲ್ಲಿ ಧೈರ್ಯವಾಗಿ ಒಣಹಾಕಿ. ಕನಿಷ್ಠ ಮೂರು ಬ್ರಾ ಇಟ್ಟುಕೊಂಡು ಸರದಿಯಂತೆ ಬಳಸಿದರೆ ಎಲಾಸ್ಟಿಕ್ಕಿಗೂ ಬಿಡುವು ಸಿಗುತ್ತದೆ.

ಭಯ ಬೇಡ, ನಿರ್ಲಕ್ಷ್ಯವೂ ಬೇಡ

ಬ್ರಾ ಹಾಕಿದರೆ, ಅದರಲ್ಲೂ ತಂತಿಯದ್ದಾದರೆ ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿರುವ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮುಟ್ಟು ನಿಂತ ಮಹಿಳೆಯರಲ್ಲಿ ಇದನ್ನು ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆಷ್ಟು ಹೊತ್ತು ಹಾಕುತ್ತಾರೆ, ತಂತಿ ಇದೆಯೇ ಇಲ್ಲವೇ ಎಂಬುದಕ್ಕೂ ಸ್ತನ ಕ್ಯಾನ್ಸರಿಗೂ ಯಾವ ನಂಟೂ ಕಾಣಲಿಲ್ಲ.

ಆದರೆ ಗಂಟು ಕೈಗೆ ಸಿಕ್ಕರೆ, ತೊಟ್ಟಿನಿಂದ ರಕ್ತ ಅಥವಾ ದ್ರವ ಬಂದರೆ, ಚರ್ಮ ಕುಳಿ ಬಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಎದೆಯ ಕೆಳಗಿನ ತುರಿಕೆ ವಾಸಿಯಾಗದಿದ್ದರೆ, ಬ್ರಾ ಬದಲಿಸಿದರೂ ಕುತ್ತಿಗೆ ಮತ್ತು ಬೆನ್ನಿನ ನೋವು ಇಳಿಯದಿದ್ದರೆ ಆಗಲೂ ತೋರಿಸಿ. ಇದಾವುದೂ ನಾಚಿಕೆಪಡುವ ವಿಷಯವಲ್ಲ.

ಮೈ ಬದಲಾಗುತ್ತಲೇ ಇರುತ್ತದೆ. ತೂಕ ಏರಿಳಿದಾಗ, ಬಾಣಂತನದ ನಂತರ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಮತ್ತೆ ಅಳೆದುಕೊಳ್ಳಿ. ಬೆಳೆಯುತ್ತಿರುವ ಮಗಳಿದ್ದರೆ ಅವಳಿಗೂ ಇದನ್ನು ಕಲಿಸಿಕೊಡಿ. ತನ್ನ ಅಳತೆಯನ್ನು ತಾನೇ ತಿಳಿದ ಹುಡುಗಿ, ಅಂಗಡಿಯಲ್ಲಿ ತನಗೆ ಬೇಕಾದ್ದನ್ನು ತಲೆತಗ್ಗಿಸದೆ ಕೇಳುತ್ತಾಳೆ.