ನೋವು ಕೀಲಿನಲ್ಲೋ, ಮಿದುಳಿನಲ್ಲೋ?

ನಾನು ಓದುತ್ತಿರುವುದು ಕಾಮರ್ಸ್. ಆದರೆ ನಮ್ಮ ನಾನಿಗೆ ರುಮಟಾಯ್ಡ್ ಸಂಧಿವಾತ ಇರುವುದರಿಂದ ಈ ವಿಷಯ ತಿಳಿದುಕೊಂಡೆ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ.

ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತಿದೆ ಎಂಬುದನ್ನು ಎಫ್‌ಎಂಆರ್‌ಐ ಸ್ಕ್ಯಾನ್ ರಕ್ತದ ಆಮ್ಲಜನಕದ ಬದಲಾವಣೆಯಿಂದ ತೋರಿಸುತ್ತದೆ. ಜರ್ಮನಿಯ ಎರ್ಲಾಂಗೆನ್ ನಗರದ ವಿಜ್ಞಾನಿಗಳು ರೋಗಿಗಳ ಬೆರಳಿನ ಕೀಲು ಒತ್ತಿ ಈ ಸ್ಕ್ಯಾನ್ ಮಾಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಔಷಧಿ ಕೊಟ್ಟ 24 ಗಂಟೆಗಳಲ್ಲೇ, ಕೀಲಿನ ಊತ ಇಳಿಯುವ ಮೊದಲೇ, ಮಿದುಳಿನಲ್ಲಿ ನೋವಿನ ಚಟುವಟಿಕೆ ಕಡಿಮೆಯಾಗಿತ್ತು.

ಅಂದರೆ ಊತವೂ ನೋವೂ ಯಾವಾಗಲೂ ಒಟ್ಟಿಗೆ ಏರಿಳಿಯುವುದಿಲ್ಲ. ಮನೆಯ ಹಿರಿಯರು ನೋವು ಎಂದಾಗ, "ಊತವೇ ಇಲ್ಲವಲ್ಲ" ಎನ್ನದೆ ಅವರ ಮಾತು ನಂಬೋಣ, ಡಾಕ್ಟರಿಗೂ ತಿಳಿಸೋಣ.